ಉಪ್ಪು, ಎಣ್ಣೆಯ ಲೆಕ್ಕ ಇಟ್ಟ ಲಾವಣಿ

ಹಲಗಲಿಯ ಬೇಡರ ಲಾವಣಿ ಕೇಳಿದವರ ಮನಸ್ಸಿನಲ್ಲಿ ಗುಂಡಿನ ಸದ್ದಿಗಿಂತ ಹೆಚ್ಚು ಹೊತ್ತು ಉಳಿಯುವುದು ಒಂದು ಪಟ್ಟಿ. ಕುಂಪಣಿಯ ದಂಡು ಊರು ಹೊಕ್ಕು ಏನೇನು ಹೊತ್ತೊಯ್ದಿತು ಎಂಬುದನ್ನು ಹಾಡುಗಾರ ಬಿಡದೆ ಎಣಿಸುತ್ತ ಹೋಗುತ್ತಾನೆ: ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ, ಅಕ್ಕಿ, ಬೆಲ್ಲ, ಉಣ್ಣುವ ಗಂಗಾಳ, ಹೆಣ್ಣುಮಕ್ಕಳ ಕೊರಳಿನ ಮಂಗಳಸೂತ್ರ. ಯಾವ ಸೇನಾಧಿಕಾರಿಯೂ ಮೇಲಿನವರಿಗೆ ಕಳಿಸುವ ವರದಿಯಲ್ಲಿ ಜೀರಿಗೆಯ ಸುದ್ದಿ ಬರೆಯುವುದಿಲ್ಲ. ಅಡುಗೆಮನೆ ಬರಿದಾದವರಿಗಷ್ಟೇ ಆ ಲೆಕ್ಕ ಗೊತ್ತು. ಅವರು ಅದನ್ನು ಬರೆದಿಡಲಿಲ್ಲ, ಹಾಡಿಟ್ಟರು.

ಬಸವನ ಬಾಗೇವಾಡಿ ಸೀಮೆಯ ಮಸೂತಿಯ ಕಡೆಯಿಂದ ಹೊರಟು ಕೊಲ್ಹಾರದ ಸೇತುವೆ ಮೇಲೆ ಕೃಷ್ಣೆ ದಾಟಿ, ಬೀಳಗಿಯ ಆಚೆ ಮುಧೋಳದ ದಿಕ್ಕು ಹಿಡಿದರೆ ಹಲಗಲಿ ಸಿಗುತ್ತದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ಈ ಎರಡೂ ದಂಡೆಗಳು ಒಂದೇ ವಿಜಾಪುರ ಜಿಲ್ಲೆ. 1857ರಲ್ಲಿ ಸರಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಹತಾರಗಳನ್ನು ಕಚೇರಿಗೆ ತಂದು ನೋಂದಾಯಿಸಿರಿ, ಪರವಾನಗಿ ಇಲ್ಲದ್ದನ್ನು ಒಪ್ಪಿಸಿರಿ ಎಂದು ಡಂಗುರ ಹೊಡೆಸಿತು. ಬೇಟೆ ಮತ್ತು ಕಾವಲುಗಾರಿಕೆಯಿಂದ ಬದುಕುವ ಬೇಡರಿಗೆ ಹತಾರ ಅಂದರೆ ಅನ್ನ, ಮೇಲಾಗಿ ಮಾನ. ಹಲಗಲಿಯ ಹನುಮ, ಬಾಲ, ಜಡಗ, ರಾಮ ಕೂಡಿ, ಕೊಡುವುದಿಲ್ಲ ಎಂದು ನಿಶ್ಚಯಿಸಿದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ ಮುಖ್ಯರಾದವರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಯ ದಿನವೇ, ಜನ ನೋಡಲೆಂದು ನೇಣಿಗೆ ಹಾಕಿದರು. ಉಳಿದವರಿಗೆ 14ರಂದು ಹಲಗಲಿಯಲ್ಲೇ ಅದೇ ಗತಿಯಾಯಿತು.

ಇದಾಗಿ ಐದು ವರ್ಷಕ್ಕೆ, 1862ರ ಡಿಸೆಂಬರ್ 26ರಂದು, ಅಮೆರಿಕದ ಮಿನ್ನೆಸೋಟ ರಾಜ್ಯದ ಮ್ಯಾಂಕೇಟೋ ಊರಿನಲ್ಲಿ ಅಲ್ಲಿಯ ಮೂಲನಿವಾಸಿಗಳಾದ 38 ಮಂದಿ ಡಕೋಟಾ ಗಂಡಸರನ್ನು ಒಂದೇ ಹೊತ್ತಿಗೆ, ಅದೂ ನೆರೆದ ಜನರ ಮುಂದೆಯೇ, ಗಲ್ಲಿಗೇರಿಸಲಾಯಿತು. ಮರಣದಂಡನೆ ಆಗಿದ್ದು 303 ಜನರಿಗೆ. ಅಧ್ಯಕ್ಷ ಲಿಂಕನ್ ಪಟ್ಟಿಯನ್ನು ಕಡಿಮೆ ಮಾಡಿದ್ದ. ಒಪ್ಪಂದದ ಹಣ ಬರದೆ, ಅಂಗಡಿಕಾರರು ಉದ್ರಿ ಕೊಡದೆ, ಹಸಿವಿನಿಂದ ಬೇಸತ್ತು ಆಯುಧ ಎತ್ತಿದ ಜನ ಅವರು. ಯುದ್ಧ ಮುಗಿದ ಮೇಲೆ ಅವರ ಹೆಂಗಸರು, ಮಕ್ಕಳು, ಮುದುಕರನ್ನು ಫೋರ್ಟ್ ಸ್ನೆಲಿಂಗ್ ಎಂಬ ಕೋಟೆಯ ತನಕ ನಡೆಸಿಕೊಂಡು ಹೋಗಿ ಚಳಿಗಾಲವಿಡೀ ಬೇಲಿಯೊಳಗೆ ಕೂಡಿಹಾಕಿದರು. ಆ ನಡಿಗೆಯಲ್ಲಿ ಒಬ್ಬ ಸಿಪಾಯಿ ಸೇತುವೆಯ ಹತ್ತಿರ ಒಬ್ಬ ಮುದುಕಿಯನ್ನು ಇರಿದ ಸಂಗತಿ ಒಂದು ಮನೆತನದಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲೇ ದಾಟುತ್ತ ಬಂತು. ಆ ಮನೆತನದ ಇತಿಹಾಸಕಾರ್ತಿ ವಾಜಿಯಾತವಿನ್ 1990ರ ದಶಕದಲ್ಲಿ ಅದನ್ನು ಬರೆದು ಪ್ರಕಟಿಸಿದಾಗ, ಕಡತದಲ್ಲಿಲ್ಲದ್ದು ಇತಿಹಾಸವೇ ಅಲ್ಲ ಎನ್ನುವ ವಿದ್ವಾಂಸರಿಗೆ ಅದು ನೇರ ಸವಾಲಾಯಿತು. ಹಲಗಲಿಯ ಜೀರಿಗೆಗೂ ಆ ಮುದುಕಿಯ ಸಾವಿಗೂ ಇರುವ ನಂಟು ಇದು. ಎರಡಕ್ಕೂ ನೊಂದವರ ಬಾಯಿಯೇ ದಫ್ತರ.

ಹೋಲಿಕೆಯನ್ನು ಇಲ್ಲಿಂದ ಮುಂದೆ ಬಹಳ ಎಳೆಯಬಾರದು. ಡಕೋಟಾ ಜನರ ಮೇಲೆ ಬಂದದ್ದು ಭಾಷೆಯನ್ನೂ ಹೆಸರನ್ನೂ ಅಳಿಸುವ ಹಟ. 1879ರಲ್ಲಿ ತೆರೆದ ಕಾರ್ಲೈಲ್ ಶಾಲೆಯ ಮಾದರಿಯಲ್ಲಿ ಮಕ್ಕಳನ್ನು ತಾಯಿತಂದೆಯಿಂದ ದೂರ ಒಯ್ದು ಕೂದಲು ಕತ್ತರಿಸಿ, ಹೊಸ ಹೆಸರಿಟ್ಟು, ಮನೆಮಾತು ಆಡಿದರೆ ಹೊಡೆಯುವ ವಸತಿಶಾಲೆಗಳು ದೇಶದ ತುಂಬ ಹಬ್ಬಿದವು. ಯಾಂಕ್ಟನ್ ಡಕೋಟಾ ಲೇಖಕಿ ಝಿಟ್ಕಲಾ-ಶಾ ಎಂಟನೆಯ ವಯಸ್ಸಿಗೆ ಇಂಡಿಯಾನಾ ರಾಜ್ಯದ ಅಂಥದೊಂದು ಶಾಲೆ ಸೇರಿದವಳು. ತನ್ನ ಜಡೆ ಕತ್ತರಿಸಿದ ದಿನವನ್ನು 1900ರಲ್ಲಿ ಪ್ರಸಿದ್ಧ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ, ಅದೇ ಶಾಲೆ ಕಲಿಸಿದ ಇಂಗ್ಲಿಷಿನಲ್ಲಿ, ಬರೆದಳು. ಕನ್ನಡನಾಡಿನಲ್ಲಿ ಲಕ್ಷಗಟ್ಟಲೆ ಜನರ ಮಾತನ್ನು ಹಾಗೆ ಅಳಿಸುವ ಉದ್ದೇಶವೂ ಬ್ರಿಟಿಷರಿಗೆ ಇರಲಿಲ್ಲ, ಶಕ್ತಿಯೂ ಇರಲಿಲ್ಲ. ಇಲ್ಲಿನ ರೋಗ ಬೇರೆ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ವಿಜಾಪುರ, ಧಾರವಾಡ, ಬೆಳಗಾವಿ ಸೀಮೆ ಹಂತಹಂತವಾಗಿ ಮುಂಬಯಿ ಸರಕಾರದ ಕೈಗೆ ಬಂತು. ಕಚೇರಿಯ ಬರಹ ಮೊದಲಿನಂತೆ ಮರಾಠಿಯಲ್ಲೇ, ಮೋಡಿ ಲಿಪಿಯಲ್ಲೇ ಮುಂದುವರಿಯಿತು. ಸರಕಾರ ಶಾಲೆ ತೆರೆದಾಗಲೂ ಕನ್ನಡ ಮನೆಗಳ ಮಕ್ಕಳು ಮರಾಠಿ ಪುಸ್ತಕ ಓದಬೇಕಾಯಿತು. ಅದರ ಮೇಲೆ ಇಂಗ್ಲಿಷು. ಮನೆಯಲ್ಲಿ ಆಡುವ ಮಾತು ಓದುಬರಹಕ್ಕೆ ಸಲ್ಲದು ಎಂಬ ನಂಬಿಕೆ ಬೆತ್ತವಿಲ್ಲದೆಯೇ ಮಕ್ಕಳ ತಲೆಯಲ್ಲಿ ಇಳಿಯಿತು. ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಹಟ ಹಿಡಿದು ಕನ್ನಡ ಶಾಲೆ ನಡೆಸಿದ್ದು, 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದ್ದು, ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದದ್ದು ಈ ನಂಬಿಕೆಯನ್ನು ಮುರಿಯಲಿಕ್ಕೆ. ಇವರೆಲ್ಲ ಓದಿದವರು. ಅವರ ಕಥೆ ಸಾಕಷ್ಟು ಸಾರಿ ಹೇಳಿಯಾಗಿದೆ. ಓದದವರು ಅಷ್ಟರೊಳಗೆ ಏನು ಮಾಡುತ್ತಿದ್ದರು ಎಂಬುದು ಇಲ್ಲಿಯ ಪ್ರಶ್ನೆ.

ಅವರು ಹಾಡು ಕಟ್ಟುತ್ತಿದ್ದರು. ವಿಚಿತ್ರವೆಂದರೆ ಆ ಹಾಡುಗಳನ್ನು ಮೊದಲು ಅಚ್ಚಿಗೆ ಹಾಕಿದವನು ಅದೇ ಸರಕಾರದ ಒಬ್ಬ ಅಧಿಕಾರಿ. ಶಾಸನಗಳ ಓದಿಗೆ ಹೆಸರಾದ ಜಾನ್ ಫೇತ್‌ಫುಲ್ ಫ್ಲೀಟ್ ಈ ಭಾಗದಲ್ಲಿ ಹಾಡುವ ಲಾವಣಿಗಳನ್ನು ಬರೆಸಿಕೊಂಡು, 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಬೈಲಹೊಂಗಲದ ಸಂಗ್ಯಾ ಅದರಲ್ಲಿದ್ದಾರೆ. ಆದಾಯ ತೆರಿಗೆಯ ಮೇಲೆ ಕಟ್ಟಿದ ಒಂದು ಪದವೂ ಇದೆ. ತೆರಿಗೆಯನ್ನು ಬಯ್ಯುವ ಹಾಡನ್ನು ತೆರಿಗೆ ಎತ್ತುವ ಸರಕಾರದ ನೌಕರನೇ ಜೋಪಾನ ಮಾಡಿದಂತಾಯಿತು. ವಿಜಾಪುರ ಜಿಲ್ಲೆಯ ಸರಕಾರಿ ಗೆಜೆಟಿಯರ್ ಅಚ್ಚಾದದ್ದು 1884ರಲ್ಲಿ. ಒಂದೇ ವರ್ಷದ ಅಂತರದಲ್ಲಿ ಆಳುವವರ ಹೇಳಿಕೆಯೂ ಆಳಿಸಿಕೊಂಡವರ ಹೇಳಿಕೆಯೂ ಕಾಗದಕ್ಕೆ ಇಳಿದವು.

ಫ್ಲೀಟನನ್ನು ಹೊಗಳಬೇಕೋ ಅನುಮಾನಿಸಬೇಕೋ ಎಂಬ ಚರ್ಚೆ ಆಗಾಗ ನಡೆಯುತ್ತದೆ. ಎರಡೂ ಅಗತ್ಯವಿಲ್ಲ. ಆಳುವವರು ಕೊಟ್ಟ ಸಾಧನ ಎಲ್ಲ ಕಡೆಗೂ ಹೀಗೆ ಕೈಮೀರಿ ಹೋಗಿದೆ. ಡಕೋಟಾ ಜನರಿಗೆ ಅಕ್ಷರ ಕಲಿಸಿದ ಮಿಶನರಿಗಳಿಗೆ ಬೈಬಲ್ ಓದಿಸುವುದೇ ಗುರಿ. ಕಲಿತವರು ಅಯೋವಾದ ಡೇವನ್‌ಪೋರ್ಟ್ ಸೆರೆಮನೆಯಲ್ಲಿ ಕೂತು, ಹೆಂಡತಿ ಮಕ್ಕಳು ಎಲ್ಲಿದ್ದಾರೆ, ತಮ್ಮನ್ನು ಯಾವಾಗ ಬಿಡುತ್ತಾರೆ ಎಂದು ತಮ್ಮ ಭಾಷೆಯಲ್ಲಿ ಕಾಗದ ಬರೆದರು. ಆ ಕಾಗದಗಳು ಮೂಲ ಮತ್ತು ಅನುವಾದದೊಂದಿಗೆ ಪುಸ್ತಕವಾದದ್ದು 2013ರಲ್ಲಿ. ಅನುವಾದಿಸಿದವರು ಡಕೋಟಾ ಹಿರಿಯರೇ.

ರಾಯಣ್ಣನ ಹಾಡುಗಳ ಕಡೆ ಬಂದರೆ, ಅಲ್ಲಿಯೂ ಜಗಳ ಶುರುವಾಗುವುದು ಹೊಲದ ತುಣುಕಿನಿಂದ. 1824ರಲ್ಲಿ ಕಿತ್ತೂರಿನ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ, ಆಮೇಲೆ ಕೋಟೆ ಬಿತ್ತು, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಕಿತ್ತೂರಿನ ಪರ ಕಾದಾಡಿದ ರಾಯಣ್ಣ ತನ್ನ ಊರಿನ ವಾಲೀಕಾರ. ಸೇವೆಗೆ ಬಿಟ್ಟ ಇನಾಮು ಹೊಲ ಮನೆತನಕ್ಕಿತ್ತು. ಹೊಸ ಕಂದಾಯದ ಲೆಕ್ಕದಲ್ಲಿ ಅದಕ್ಕೆ ಕುತ್ತು ಬಂತು. ಬಾಕಿಗಾಗಿ ಕುಲಕರ್ಣಿ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿಸಿದ ಎಂದು ಜನ ಹಾಡುತ್ತಾರೆ. ರಾಯಣ್ಣನ ಕಡೆಯವರು ಸರಕಾರಿ ಕಚೇರಿಗಳಿಗೆ ಬೆಂಕಿ ಇಟ್ಟಾಗ ಉರಿದದ್ದರಲ್ಲಿ ಸಾಲಪತ್ರ, ಕಂದಾಯದ ಕಾಗದ ಇದ್ದವು. ಹಾಡು ಆ ಬೆಂಕಿಯನ್ನು ಸಂಭ್ರಮದಿಂದ ಹೇಳುತ್ತದೆ. ರೈತನಿಗೆ ಪರದೇಶಿ ಆಳ್ವಿಕೆಯ ಮುಖ ಕಂಡದ್ದೇ ಆ ಕಾಗದದಲ್ಲಿ. ಹಿಡಿದುಕೊಟ್ಟವರು ಮಾತ್ರ ಸಾಹೇಬರಲ್ಲ, ಜೊತೆಗೆ ಉಂಡ ನಮ್ಮವರೇ. ಡೋರಿ ಹಳ್ಳದಲ್ಲಿ ಸ್ನಾನಕ್ಕಿಳಿದ ಹೊತ್ತು ನೋಡಿ ಅವನನ್ನು ಹಿಡಿದರು. 1831ರ ಜನವರಿಯಲ್ಲಿ ನಂದಗಡದಲ್ಲಿ ನೇಣಾಯಿತು. ಇವತ್ತಿಗೂ ಮಕ್ಕಳಾಗದವರು ಅಲ್ಲಿಯ ಸಮಾಧಿಗೆ ಹೋಗಿ ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ಬಂಡಾಯಗಾರ ಅಂತ ಸರಕಾರ ನೇಣಿಗೆ ಹಾಕಿದವನನ್ನು ಊರು ದೈವ ಮಾಡಿಕೊಂಡಿತು.

ಹಾಡಿನ ಮಾತನ್ನು ಎಷ್ಟು ನಂಬಬೇಕು? ಅಕ್ಷರಸ್ಥರು ಯಾವಾಗಲೂ ಕೇಳುವ ಪ್ರಶ್ನೆ ಇದು. ಉತ್ತರದ ಒಂದು ಪಾಲು ಲಾವಣಿಯ ಮೇಳದಲ್ಲೇ ಇದೆ. ಈ ಭಾಗದಲ್ಲಿ ಹಾಡುಗಾರಿಕೆ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಒಂದು ಗಂಡಿನ ಹಿರಿಮೆ ಹಾಡಿದರೆ ಇನ್ನೊಂದು ಹೆಣ್ಣಿನದು. ಜಾತ್ರೆಯಲ್ಲಿ ಎದುರುಬದುರು ನಿಂತು, ದಪ್ಪು ಬಡಿದು, ತುಂತುಣಿ ಮೀಟಿ, ರಾತ್ರಿಯಿಡೀ ಸವಾಲು ಜವಾಬು ನಡೆಯುತ್ತದೆ. ತಪ್ಪು ಹೆಸರು ಹೇಳಿದವನನ್ನು, ಕಥೆಯ ಕೊಂಡಿ ಬಿಟ್ಟವನನ್ನು ಎದುರಿನ ಮೇಳ ಅಲ್ಲೇ ಹಿಡಿಯುತ್ತದೆ, ಕೂತ ಜನ ನಗುತ್ತಾರೆ. ಪರೀಕ್ಷೆ ಇಲ್ಲದೆ ಇಲ್ಲಿ ಯಾವ ಹಾಡೂ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಲ್ಲ. ಹಾಗಂತ ಹಾಡು ತಾರೀಖು ಕಾಯುವುದಿಲ್ಲ, ಅಂಕಿಸಂಖ್ಯೆ ಹಿಗ್ಗಿಸುತ್ತದೆ, ನಾಯಕನ ದೋಷ ಮುಚ್ಚುತ್ತದೆ. ಅದು ಕಾಯುವುದು ಕಾರಣವನ್ನು: ಯಾರ ಹೊಲ, ಯಾರ ಮಾನ, ಯಾರು ಮಾತಿಗೆ ತಪ್ಪಿದರು. ಕಡತ ಇಲ್ಲೇ ಜಾರುತ್ತದೆ. ನರಗುಂದದ ದೊರೆ ಬಾಬಾಸಾಹೇಬ 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬನನ್ನು ಕೊಲ್ಲಿಸಿದ್ದು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಅವನಿಗೆ ನೇಣಾದದ್ದು ಸರಕಾರಿ ಕಾಗದದಲ್ಲಿ ಸ್ಪಷ್ಟವಾಗಿದೆ. ಅವನ ಸಿಟ್ಟು ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಹಾಡಿನ ಕಡೆಗೂ ಹೋಗಬೇಕು.

ಲಾವಣಿಯ ಇದೇ ಮೇಳದಿಂದ ಇಪ್ಪತ್ತನೆಯ ಶತಮಾನದಲ್ಲಿ ಗೀಗೀ ಪದ ಬೆಳೆದು ನಿಂತಿತು. ಹುಲಕುಂದದ ಭೀಮಕವಿಯಂಥವರು ಖಾದಿ, ಚರಕ, ಗಾಂಧಿಯನ್ನು ಜಾತ್ರೆಯ ಮಟ್ಟಿಗೆ ಕೂರಿಸಿದರು. ಭಾಷಣಕ್ಕೆ ಪರವಾನಗಿ ಬೇಕಾಗಿದ್ದ ಕಾಲದಲ್ಲಿ ದಪ್ಪಿಗೆ ಯಾರ ಪರವಾನಗಿ!

ಇಷ್ಟೂ ಗಂಡಸರ ಕಥೆ. ಇನ್ನೊಂದು ದಾರಿ ಭೀಮಾ ತೀರದ ಹಲಸಂಗಿಯಿಂದ ಹೊರಟಿತು. ಆಗ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣಕ್ಕೆ ಸೇರಿದ ಈ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಗೆಳೆಯರು ಕೂಡಿ ಹೆಣ್ಣುಮಕ್ಕಳು ಬೀಸುವಾಗ ಹಾಡುವ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತ ಹೆಂಗಸು ತನ್ನ ತವರು, ತಾಯಿ, ಅಣ್ಣ, ಅತ್ತೆಮನೆ, ಊರಿನ ದೇವರು ಎಲ್ಲವನ್ನೂ ಮೂರು ಸಾಲಿಗೆ ಇಳಿಸುತ್ತಾಳೆ. ಆ ಹಾಡಿನಲ್ಲಿ ಕುಂಪಣಿ ಸರಕಾರದ ವಿರುದ್ಧ ಹೆಚ್ಚು ಮಾತು ಸಿಗುವುದಿಲ್ಲ, ಹುಡುಕಿ ತುರುಕುವ ಅಗತ್ಯವೂ ಇಲ್ಲ. ಮರಾಠಿ, ಇಂಗ್ಲಿಷ್ ಓದಿ ಬಂದ ಹುಡುಗರು, ಒಂದಕ್ಷರ ಬಾರದ ತಮ್ಮ ತಾಯಂದಿರ ಬಾಯಲ್ಲಿ ಸಾಹಿತ್ಯ ಇದೆ ಎಂದು ಒಪ್ಪಿ ಕಾಗದ ಹಿಡಿದು ಅವರ ಮುಂದೆ ಕೂತರು. ಶಾಲೆ ಹೇಳಿಕೊಟ್ಟದ್ದನ್ನು ಅವರು ತಲೆಕೆಳಗು ಮಾಡಿದ್ದು ಹಾಗೆ.

ಎಲ್ಲಾ ಕಾರಾ ಡೆಲೋರಿಯಾ ಎಂಬ ಡಕೋಟಾ ವಿದುಷಿ ಹಿರಿಯರಿಂದ ಕೇಳಿ ಬರೆದುಕೊಂಡ ಕಥೆಗಳ ‘ಡಕೋಟಾ ಟೆಕ್ಸ್ಟ್ಸ್’ ಪ್ರಕಟವಾದದ್ದು 1932ರಲ್ಲಿ, ‘ಗರತಿಯ ಹಾಡು’ ಬಂದ ಮರುವರ್ಷ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಡೆಲೋರಿಯಾ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಜೊತೆ ದುಡಿದವಳು. ಹೆಂಗಸರ ಬಾಳನ್ನು ಒಳಗಿನಿಂದ ಹೇಳುವ ಅವಳ ಕಾದಂಬರಿ ‘ವಾಟರ್‌ಲಿಲಿ’ ಮಾತ್ರ 1988ರ ತನಕ, ಅವಳು ತೀರಿಕೊಂಡು ಹದಿನೇಳು ವರ್ಷವಾಗುವ ತನಕ, ಬೆಳಕು ಕಾಣಲಿಲ್ಲ. ಹಲಸಂಗಿಯವರ ಅದೃಷ್ಟ ದೊಡ್ಡದು. ಅವರಿಗೆ ಓದುಗರಿದ್ದರು, ಧಾರವಾಡದಲ್ಲಿ ಬೇಂದ್ರೆಯವರ ಗೆಳೆತನವಿತ್ತು, ಭಾಷೆಗೆ ಜನಬಲವಿತ್ತು.

ಹಲಸಂಗಿಯ ಇನ್ನೊಂದು ಗುಣ ಹೇಳದೆ ಮುಂದೆ ಹೋಗಬಾರದು. ಆ ಊರಿನ ಹೆಸರಾಂತ ಲಾವಣಿಕಾರ ಖಾಜಾಭಾಯಿ, ಸಂಗ್ರಹಕ್ಕೆ ಕೈಕೂಡಿಸಿದ ಧೂಲಾಸಾಹೇಬ, ಇಬ್ಬರೂ ಮುಸಲ್ಮಾನರು, ಇಬ್ಬರ ಕನ್ನಡವೂ ಆ ಮಣ್ಣಿನದೇ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಮೊಹರಂ ಬಂದರೆ ಕರ್ಬಲಾದ ಕಥೆಯನ್ನು ಕನ್ನಡ ರಿವಾಯತಿನಲ್ಲಿ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಜನಗಣತಿಯ ಕಾಗದ ಮನುಷ್ಯರನ್ನು ಮತ, ಜಾತಿ ಎಂದು ಖಾನೆಗಳಿಗೆ ಹಂಚುತ್ತಿದ್ದ ಕಾಲದಲ್ಲೇ ಈ ಮೇಳಗಳು ಖಾನೆಗೆ ಸಿಗದೆ ಉಳಿದವು. ಬಂಡಾಯದ ಲಾವಣಿಗಿಂತ ಇದು ಸಣ್ಣ ಪ್ರತಿರೋಧ ಎನ್ನಲು ಮನಸ್ಸು ಬರುವುದಿಲ್ಲ.

ಬೀಸುವ ಪದವನ್ನು ಕಡೆಗೆ ನಿಲ್ಲಿಸಿದ್ದು ಬ್ರಿಟಿಷರಲ್ಲ, ಹಿಟ್ಟಿನ ಗಿರಣಿ. ಸೊಂಟ ನೋವು ತಪ್ಪಿದ ಹೆಂಗಸರು ಅದಕ್ಕೆ ಅತ್ತ ಹಾಗೂ ಇಲ್ಲ.

ಹಲಸಂಗಿ ಗೆಳೆಯರ ಕೆಲಸವನ್ನೇ ಬರಹದ ಕಡೆಯಿಂದ ಮಾಡಿದ ಫ.ಗು. ಹಳಕಟ್ಟಿಯವರನ್ನು ವಿಜಾಪುರದವರು ಮರೆತಿಲ್ಲ. ವಕೀಲಿಕೆಯ ನಡುವೆ ಮನೆಮನೆ ತಿರುಗಿ ವಚನದ ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಬಸವಣ್ಣ ಹುಟ್ಟಿದ ಸೀಮೆಗೆ ಅವನ ಮಾತು ಅಚ್ಚಿನ ರೂಪದಲ್ಲಿ ವಾಪಸು ಬಂದದ್ದು ಹೀಗೆ.

ಸ್ವಾತಂತ್ರ್ಯದ ನಂತರ ಹಾಡುಗಳಿಗೆ ಮಾನ್ಯತೆ ಬಂತು. ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳ ಮೇಲೆ ಪಿಎಚ್.ಡಿ. ಪಡೆದರು, ವಿಶ್ವವಿದ್ಯಾಲಯಗಳಲ್ಲಿ ಜಾನಪದ ವಿಭಾಗ ತೆರೆದವು, ರಾಯಣ್ಣನ ಹೆಸರು ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೂ ಬಂತು. ಗೌರವದ ಜೊತೆ ಒಂದು ನಷ್ಟವೂ ಆಯಿತು. ಪಠ್ಯಕ್ಕೆ ಸೇರಿದ ಹಲಗಲಿಯ ಲಾವಣಿಯ ಮೇಲೆ ಮಕ್ಕಳು ಬರೆಯುವ ಉತ್ತರ ಶುದ್ಧ ಗ್ರಂಥಸ್ಥ ಕನ್ನಡದಲ್ಲಿ ಇರಬೇಕು. ‘ಹತಾರ’ ಅಲ್ಲಿ ‘ಆಯುಧ’ ಆಗುತ್ತದೆ. ಬೇಡರ ಹಟ ದೇಶಪ್ರೇಮದ ಒಂದು ಪಾಠವಾಗುತ್ತದೆ. ಹಲಗಲಿಯ ಹನುಮನಿಗೆ ದೇಶ ಅಂದರೆ ಎಷ್ಟು ದೊಡ್ಡದಿತ್ತು ಎಂದು ಯಾರೂ ಕೇಳುವುದಿಲ್ಲ. ಅವನು ಕಾದಾಡಿದ್ದು ಊರಿಗಾಗಿ, ಕೈಯಲ್ಲಿದ್ದ ಕೋವಿಗಾಗಿ. ಅಷ್ಟಕ್ಕೇ ಜೀವ ಕೊಟ್ಟ ಎಂದರೆ ಅವನ ಮಾನವೇನೂ ತಗ್ಗುವುದಿಲ್ಲ.

ಸಿಂಧೂರ ಲಕ್ಷ್ಮಣನ ವಿಷಯದಲ್ಲಿ ಈ ಇಕ್ಕಟ್ಟು ಇನ್ನೂ ಎದ್ದು ಕಾಣುತ್ತದೆ. ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಜತ್ತ ಸೀಮೆಯ ಸಿಂಧೂರ ಅವನ ಊರು, ಕನ್ನಡ ಮನೆಮಾತಿನ ಗಡಿ. ಸರಕಾರದ ಪುಸ್ತಕದಲ್ಲಿ ಅವನು ದರೋಡೆಕೋರ. ಇದ್ದವರಿಂದ ಕಸಿದು ಇಲ್ಲದವರಿಗೆ ಕೊಟ್ಟ ಎಂದು ಹಾಡು. 1922ರಲ್ಲಿ ಬೀಳಗಿಯ ಕಡೆ, ಮನೆಗೆ ಊಟಕ್ಕೆ ಕರೆದವರ ಮೋಸದಿಂದ ಪೊಲೀಸರ ಗುಂಡಿಗೆ ಬಿದ್ದ. ನಾಟಕ ಕಂಪನಿಗಳು ಆ ಕಥೆಯನ್ನು ದಶಕಗಟ್ಟಲೆ ಆಡಿದವು, 1977ರಲ್ಲಿ ಸಿನಿಮಾ ಆಯಿತು. ಕಳ್ಳನೋ ವೀರನೋ ಎಂಬ ತೀರ್ಪು ಜತ್ತ, ವಿಜಾಪುರದ ಹಳ್ಳಿಗಳಲ್ಲಿ ನ್ಯಾಯಾಲಯದ್ದಲ್ಲ, ರಂಗದ ಮುಂದೆ ಚಾಪೆ ಹಾಸಿ ಕೂತವರದು.

ಆ ರಂಗದಲ್ಲೂ ಜಾಗ ಸಿಗದವರಿದ್ದಾರೆ. ಡಕೋಟಾ ಮಕ್ಕಳ ವಸತಿಶಾಲೆಗೆ ನಿಜವಾಗಿ ಸಮೀಪದ ವ್ಯವಸ್ಥೆ ಈ ನಾಡಿನಲ್ಲೂ ಇತ್ತು. ಅದರ ಬಲಿಯಾದವರು ಲಾವಣಿಯ ನಾಯಕರಾಗಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಜಾತಿಗಳಲ್ಲಿ ಹುಟ್ಟಿದವರನ್ನೇ ಹುಟ್ಟಿನಿಂದ ಕಳ್ಳರೆಂದು ನೋಂದಾಯಿಸಿತು. 1897ರ ತಿದ್ದುಪಡಿ ಮಕ್ಕಳನ್ನು ಹೆತ್ತವರಿಂದ ಬೇರೆ ಮಾಡಿ ಸುಧಾರಣಾ ವಸತಿಗೆ ಹಾಕಲು ದಾರಿ ಮಾಡಿತು. 1911ರಲ್ಲಿ ಕಾಯ್ದೆ ಮುಂಬಯಿ ಪ್ರಾಂತಕ್ಕೂ ಹಬ್ಬಿತು. ವಿಜಾಪುರದಲ್ಲಿ ಅಧಿಕಾರಿಯಾಗಿದ್ದ ಸ್ಟಾರ್ಟೆ ಎಂಬಾತ ಇಂಥ ವಸತಿಗಳ ವ್ಯವಸ್ಥೆ ಕಟ್ಟಿದ. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಆ ಬಡಾವಣೆಗಳನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಸುತ್ತ ತಂತಿಬೇಲಿ, ಹೊತ್ತಿಗೊಂದು ಹಾಜರಿ, ಹೊರಗೆ ಹೋಗಲು ಪಾಸು, ಗಿರಣಿಯಲ್ಲಿ ಕೂಲಿ. ಕೊರವರು, ಹರಣಶಿಕಾರಿಗಳು, ಘಂಟಿಚೋರರು, ಛಪ್ಪರಬಂದರು ಒಳಗೆ. ಅಲೆದಾಡುವ ಬದುಕು ನಿಂತ ಮೇಲೆ ಅವರ ಕಸುಬು ಹೋಯಿತು, ಕಸುಬಿನ ಜೊತೆ ಕಥೆಗಳಿಗೂ ಪೆಟ್ಟು ಬಿತ್ತು. ಹರಣಶಿಕಾರಿಗಳ ಮನೆಮಾತು ಗುಜರಾತಿಯ ನಂಟಿನ ವಾಗರಿ, ಕೊರವರದು ಅವರದೇ ಬೇರೆ ಮಾತು. ಎರಡಕ್ಕೂ ಲಿಪಿಯಿಲ್ಲ, ಶಾಲೆಯಿಲ್ಲ.

ಇಲ್ಲಿ ಮಾತ್ರ ಕನ್ನಡವೇ ದೊಡ್ಡ ಭಾಷೆ, ಈ ಜನರನ್ನು ತನ್ನೊಳಗೆ ಕರಗಿಸಿಕೊಳ್ಳುವ ಕಡೆಯದು. ಮುಂಬಯಿ ಕಚೇರಿಯ ಮರಾಠಿಯ ಬಗ್ಗೆ ದೂರಿದ ಕನ್ನಡದ ವಿದ್ಯಾವಂತರು ವಾಗರಿಯ ಮುಂದೆ ಕಾಗದ ಹಿಡಿದು ಕೂತದ್ದು ಅಪರೂಪ. 1952ರ ಆಗಸ್ಟ್‌ನಲ್ಲಿ ಕಾಯ್ದೆ ದೇಶದಲ್ಲೆಲ್ಲ ರದ್ದಾಯಿತು. ಪಟ್ಟಿಯಲ್ಲಿದ್ದವರು ವಿಮುಕ್ತ ಬುಡಕಟ್ಟುಗಳಾದರು. ರೂಢಿಗತ ಅಪರಾಧಿಗಳ ಮೇಲೆ ಕಣ್ಣಿಡುವ ಇನ್ನೊಂದು ಕಾಯ್ದೆ 1961ರಲ್ಲಿ ಈ ರಾಜ್ಯದಲ್ಲಿ ಬಂತು. ಊರಲ್ಲಿ ಕಳವಾದರೆ ಮೊದಲು ಪೊಲೀಸರು ಹೋಗುವ ಓಣಿ ಬದಲಾಗಲಿಲ್ಲ. ತಂತಿಬೇಲಿಯೊಳಗೆ ಹುಟ್ಟಿ ಹಾಜರಿ ಕೂಗಿದ್ದನ್ನು ಕಿವಿಯಾರೆ ಕೇಳಿದವರಿಗೆ ಈಗ ಎಂಬತ್ತು ದಾಟಿದೆ. ಕಾಗದವನ್ನೋ ಧ್ವನಿಮುದ್ರಣ ಯಂತ್ರವನ್ನೋ ಹಿಡಿದು ಹಲಸಂಗಿ ಗೆಳೆಯರಂತೆ ಅವರ ಮುಂದೆ ಕೂಡಬೇಕಾದವರು ಅವರ ಮೊಮ್ಮಕ್ಕಳೇ, ವಿಜಾಪುರ, ಧಾರವಾಡದ ಕಾಲೇಜುಗಳಲ್ಲಿ ಓದುತ್ತಿರುವವರು.